ಮುಂದಿನ ಕಾರ್ಡ್ ಯಾವುದು ಅಂತ ಗೊತ್ತಿದ್ದ ಮಕ್ಕಳು

(ಪ್ರಾಥಮಿಕ ಶಾಲಾ ಶಿಕ್ಷಕರು ಮತ್ತು ಪೋಷಕರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮೊದಲು ಈ ಬೋರ್ಡ್ ಮೇಲೆ ಐದು ಅಕ್ಷರ ಬರೆಯುತ್ತೇನೆ. ರ, ಗ, ಸ, ದ, ಅ. ನಲಿ-ಕಲಿ, ಅಂದರೆ ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳಲ್ಲಿ ಮಕ್ಕಳು ಕಾರ್ಡ್ ಹಿಡಿದು ತಾವೇ ಕಲಿಯುವ ಪದ್ಧತಿ, ಅದರಲ್ಲಿ ಪಾಠ ಮಾಡಿದವರಿಗೆ ಇದು ಬಾಯಿಪಾಠ. ಪೋಷಕರು ಮಾತ್ರ 'ಇದೇನು, ಅ ಆ ಇ ಈ ಎಲ್ಲಿ ಹೋಯ್ತು' ಅಂತ ನೋಡುತ್ತಿದ್ದೀರಿ.

ಸ್ವಲ್ಪ ಯೋಚನೆ ಮಾಡಿ. ಅ ಆ ಇ ಈ ಕಲಿತ ಮಗು ಅಷ್ಟರಿಂದಲೇ ಯಾವ ಪದ ಓದಬಹುದು? 'ಆ ಮನೆ', 'ಈ ಮರ' ಅನ್ನುವಾಗಿನ ಆ, ಈ ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ. ಕ ಖ ಗ ಘ ಬರುವ ತನಕ ಕಾಯಬೇಕು. ಅದೇ ರ ಗ ಸ ದ ಅ ಕಲಿತ ಮಗು 'ಸರ' ಅಂತ ಓದುತ್ತದೆ. ಅರಸ, ಅಗಸ, ದಸರ, ಗರಗಸ ಓದುತ್ತದೆ. ಹೇಳಿಕೊಡದ ಪದವನ್ನೂ ತಾನೇ ಕೂಡಿಸಿಕೊಂಡು ಓದುತ್ತದೆ. ಒಬ್ಬಳು ಹುಡುಗಿ 'ಅರಸರ ದಸರ' ಅಂತ ಸ್ಲೇಟಿನಲ್ಲಿ ಬರೆದು ತಂದು ತೋರಿಸಿದ್ದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಅವಳ ಕಾರ್ಡಿನಲ್ಲೂ ಇರಲಿಲ್ಲ.

ಮಕ್ಕಳು ತಾವೇ ಕಲಿಯುವುದು ಅಂದರೆ ನನಗೆ ನೆನಪಾಗುವುದು ಆ ಸ್ಲೇಟು. ಅಕ್ಷರ ಅವೇ, ಮಕ್ಕಳೂ ಅವರೇ. ಬದಲಾಗಿದ್ದು ಜೋಡಣೆ. ಯಾವುದಾದ ಮೇಲೆ ಯಾವುದು ಅನ್ನುವುದನ್ನು ಯಾರೋ ಕೂತು, ಮಗುವಿನ ಕಡೆಯಿಂದ ಯೋಚಿಸಿದ್ದರು.

ನಾನು ಮೈಸೂರು ಜಿಲ್ಲೆಯ ಕಾಡಂಚಿನ ಒಂದು ಸರ್ಕಾರಿ ಶಾಲೆಯಲ್ಲಿ ಹಲವು ವರ್ಷ ನಲಿ-ಕಲಿ ತರಗತಿ ನೋಡಿಕೊಂಡೆ. ಇವತ್ತು ಹೇಳುವುದು ಆ ವರ್ಷಗಳಲ್ಲಿ ಕಣ್ಣಾರೆ ಕಂಡಿದ್ದು. ಆಮೇಲೆ ಕಾರ್ಡುಗಳ ಜಾಗಕ್ಕೆ ಅಭ್ಯಾಸ ಪುಸ್ತಕ ಬಂತು, ಬೇರೆ ಬದಲಾವಣೆಗಳೂ ಆದವು. ಅದರ ಚರ್ಚೆ ಇಲ್ಲಿ ಬೇಡ.

ಈ ಪದ್ಧತಿ ಹುಟ್ಟಿದ್ದೂ ನಮ್ಮ ಜಿಲ್ಲೆಯಲ್ಲೇ. 1995ರಲ್ಲಿ, ಹೆಗ್ಗಡದೇವನಕೋಟೆಯಲ್ಲಿ. ಅಲ್ಲಿನ ಕೆಲವು ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ ಶಾಲೆಗೆ ಹೋಗಿ ಬಂದರು. ಅಲ್ಲಿ ರಮಾ ಮತ್ತು ಪದ್ಮನಾಭ ರಾವ್ ದಂಪತಿ ಹಳ್ಳಿಯ ಏಕೋಪಾಧ್ಯಾಯ ಶಾಲೆಗಳಿಗೆ ಅಂತ ಒಂದು ಪೆಟ್ಟಿಗೆ ತುಂಬ ಕಲಿಕಾ ಕಾರ್ಡು ತಯಾರು ಮಾಡಿದ್ದರು. ಇಡೀ ಶಾಲೆಯೇ ಒಂದು ಪೆಟ್ಟಿಗೆಯೊಳಗೆ ಅನ್ನುವ ಲೆಕ್ಕ. ನಮ್ಮವರು ಅದನ್ನು ನೋಡಿ ಬಂದು, ಯುನಿಸೆಫ್ ಸಹಾಯದಿಂದ ತಮ್ಮ ಮಕ್ಕಳಿಗೆ ಒಗ್ಗುವ ಹಾಗೆ ಕನ್ನಡದಲ್ಲಿ ಮಾಡಿಕೊಂಡರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಚಿಕ್ಕ ತರಗತಿಗಳಿಗೆಲ್ಲ ಬಂತು.

ಇದಕ್ಕೂ ಮುಂಚೆಯೇ, 1972ರಲ್ಲಿ, ಕೋಲಾರ ಜಿಲ್ಲೆಯಲ್ಲಿ ಡೇವಿಡ್ ಹಾರ್ಸ್‌ಬರೋ ಅನ್ನುವವರು ನೀಲ್‌ಬಾಗ್ ಅಂತ ಒಂದು ಪುಟ್ಟ ಶಾಲೆ ಶುರು ಮಾಡಿದ್ದರು. ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕಡೆ ಕೂತು ಅವರವರ ಕೆಲಸ ಅವರವರು ಮಾಡುವ ಶಾಲೆ. ಪರೀಕ್ಷೆ ಇಲ್ಲ. ಅಂದರೆ ಇದೆಲ್ಲ ಪರದೇಶದಿಂದ ನಿನ್ನೆ ಮೊನ್ನೆ ಇಳಿದು ಬಂದದ್ದಲ್ಲ. ನಮ್ಮ ನೆಲದಲ್ಲಿ ಐವತ್ತು ವರ್ಷದ ಬೇರಿದೆ.

ನಲಿ-ಕಲಿ ಹೆಗ್ಗಡದೇವನಕೋಟೆಯಲ್ಲೇ ಯಾಕೆ ಬೇಕಾಯಿತು ಅಂತ ಕೇಳಬಹುದು. ಅಲ್ಲಿ ಹಾಡಿಗಳಿವೆ, ಅಂದರೆ ಆದಿವಾಸಿಗಳ ಪುಟ್ಟ ಊರುಗಳು. ಜೇನು ಕುರುಬರ, ಕಾಡು ಕುರುಬರ ಮಕ್ಕಳಿದ್ದಾರೆ. ಕಾಫಿ ಹಣ್ಣಿನ ಕಾಲ ಬಂದರೆ ಅಪ್ಪ ಅಮ್ಮನ ಜೊತೆ ಮಕ್ಕಳೂ ಕೊಡಗಿನ ತೋಟಕ್ಕೆ ಹೊರಡುತ್ತಾರೆ. ವಾಪಸ್ ಬರುವಷ್ಟರಲ್ಲಿ ಪಾಠ ಎಲ್ಲೋ ಹೋಗಿರುತ್ತದೆ. ಹಿಂದಿನ ಪಾಠ ಗೊತ್ತಿಲ್ಲ, ಮುಂದಿನದು ತಲೆಗೆ ಹತ್ತುವುದಿಲ್ಲ. ನಾಲ್ಕು ದಿನ ಹಿಂದಿನ ಸಾಲಿನಲ್ಲಿ ಸುಮ್ನೆ ಕೂತು, ಐದನೇ ದಿನದಿಂದ ಮಗು ಬರುವುದನ್ನೇ ಬಿಡುತ್ತದೆ. ನಾವು ಅದಕ್ಕೆ 'ಶಾಲೆ ಬಿಟ್ಟ ಮಗು' ಅನ್ನುತ್ತೇವೆ. ನಿಜವಾಗಿ ಬಿಟ್ಟಿದ್ದು ಯಾರು ಯಾರನ್ನ ಅಂತ ನಾನು ಎಷ್ಟೋ ರಾತ್ರಿ ಯೋಚಿಸಿದ್ದೇನೆ.

ನನ್ನ ತರಗತಿಯಲ್ಲೂ ಅಂಥ ಒಬ್ಬಳಿದ್ದಳು. ಎರಡನೇ ತರಗತಿ. ಸಂಕ್ರಾಂತಿಗೆ ಮುಂಚೆ ಹೋದವಳು ಐದು ವಾರ ಬಿಟ್ಟು ಬಂದಳು. ಕೈಯೆಲ್ಲ ತರಚಿತ್ತು. ಬಾಗಿಲ ಹತ್ತಿರ ನಿಂತು ಒಳಗೆ ನೋಡಿದಳು. ನಾನು 'ಬಾ ಪುಟ್ಟಿ' ಅಂದೆ. ಅವಳು ನನ್ನ ಹತ್ತಿರ ಬರಲಿಲ್ಲ. ನೇರವಾಗಿ ಗೋಡೆ ಹತ್ತಿರ ಹೋದಳು. ಅಲ್ಲಿ ಕಲಿಕಾ ಏಣಿ, ಅಂದರೆ ಯಾವ ಕಾರ್ಡ್ ಆದ ಮೇಲೆ ಯಾವುದು ಅಂತ ತೋರಿಸುವ ಚಾರ್ಟ್, ತೂಗುಹಾಕಿತ್ತು. ಕೆಳಗಿನಿಂದ ಬೆರಳಿಟ್ಟುಕೊಂಡು ಮೇಲೆ ಹೋದಳು. ಒಂದು ಕಡೆ ಬೆರಳು ನಿಂತಿತು. ಟ್ರೇಯಿಂದ ಆ ಕಾರ್ಡ್ ತೆಗೆದುಕೊಂಡು ಬಂದು ಕೂತಳು. ಬೇರೆ ಮಕ್ಕಳು ಎಲ್ಲಿದ್ದಾರೆ ಅಂತ ಅವಳು ನೋಡಲಿಲ್ಲ. ತಾನು ಎಲ್ಲಿದ್ದೆ ಅನ್ನುವುದು ಅವಳಿಗೆ ಗೊತ್ತಿತ್ತು.

ನನ್ನ ಇವತ್ತಿನ ಮಾತೆಲ್ಲ ಇದರ ಸುತ್ತಲೇ. ಸ್ವಕಲಿಕೆ ಅಂದರೆ ಮಗುವನ್ನು ಒಂಟಿಯಾಗಿ ಬಿಡುವುದು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ನಾನು ಎಲ್ಲಿದ್ದೇನೆ, ಮುಂದೆ ಏನು, ಮಾಡಿದ್ದು ಸರಿಯೋ ತಪ್ಪೋ: ಈ ಮೂರು ವಿಷಯ ದೊಡ್ಡವರನ್ನು ಕೇಳದೆ ಮಗುವಿಗೆ ತಿಳಿಯಬೇಕು. ಆಗ ಮಾತ್ರ ಅದು ತಾನೇ ಕಲಿಯುತ್ತದೆ. ಸಾಮಗ್ರಿ ಅನ್ನುವುದು ಬೇಕಾಗಿರುವುದು ಅದಕ್ಕೆ.

ನಲಿ-ಕಲಿ ನೋಡದವರಿಗೆ, ಕಾರ್ಡುಗಳ ಕಾಲದಲ್ಲಿ ಅದು ಹೇಗೆ ನಡೆಯುತ್ತಿತ್ತು ಅಂತ ಚುಟುಕಾಗಿ ಹೇಳಿಬಿಡುತ್ತೇನೆ. ಒಂದು, ಎರಡು, ಮೂರನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಕಲಿಯಬೇಕಾದ್ದನ್ನೆಲ್ಲ ಚಿಕ್ಕ ಚಿಕ್ಕ ಮೆಟ್ಟಿಲು ಮಾಡಿ ಏಣಿಯಲ್ಲಿ ತೋರಿಸಿರುತ್ತದೆ. ಒಂದಷ್ಟು ಮೆಟ್ಟಿಲಿಗೆ ಒಂದು ಮೈಲಿಗಲ್ಲು. ಪ್ರತಿ ಕಾರ್ಡಿಗೂ ಒಂದು ಲೋಗೋ, ಅಂದರೆ ಪುಟ್ಟ ಚಿತ್ರ. ಓದಲು ಬಾರದ ಮಗುವೂ ಚಿತ್ರ ನೋಡಿ ಕಾರ್ಡ್ ಹುಡುಕಿಕೊಳ್ಳುತ್ತದೆ. ಕೂರುವುದಕ್ಕೆ ಐದು ತಟ್ಟೆ. ತಟ್ಟೆ ಅಂದರೆ ಗುಂಪು. ಒಂದರಲ್ಲಿ ಶಿಕ್ಷಕರು ಪೂರ್ತಿ ಜೊತೆಗಿರುತ್ತಾರೆ, ಎರಡನೆಯದರಲ್ಲಿ ಅರ್ಧಂಬರ್ಧ. ಮೂರು, ನಾಲ್ಕರಲ್ಲಿ ಗೆಳೆಯರ ಸಹಾಯ. ಐದನೆಯದು ಸ್ವಕಲಿಕೆ. ಹೊಸದನ್ನು ಟೀಚರ್ ಹತ್ತಿರ ಕಲಿತ ಮಗು ಮೆಲ್ಲಗೆ ಕೈ ಬಿಡಿಸಿಕೊಂಡು ಐದನೇ ತಟ್ಟೆಗೆ ಬರುತ್ತದೆ. ನಡೆಯುವುದು ಕಲಿಸುವಾಗ ಮನೆಯಲ್ಲಿ ನಾವು ಮಾಡುವುದೂ ಇದನ್ನೇ ಅಲ್ವಾ? ಮೊದಲು ಎರಡೂ ಕೈ, ಆಮೇಲೆ ಒಂದು ಬೆರಳು.

ಈಗ ಒಂದು ಲೆಕ್ಕಕ್ಕೆ ಬರೋಣ. 32ರಲ್ಲಿ 17 ಕಳೆಯಬೇಕು. ಶಿಕ್ಷಕರು ಇಲ್ಲಿದ್ದೀರಿ, ಮಕ್ಕಳು ಎಷ್ಟು ಅಂತ ಬರೆಯುತ್ತಾರೆ ಹೇಳಿ? ಹೌದು, 25. ಏಳರಲ್ಲಿ ಎರಡು ಹೋದರೆ ಐದು, ಮೂರರಲ್ಲಿ ಒಂದು ಹೋದರೆ ಎರಡು. ಮೇಲಿನದು ಕೆಳಗಿನದು ನೋಡದೆ ದೊಡ್ಡದರಲ್ಲಿ ಚಿಕ್ಕದನ್ನು ಕಳೆದುಬಿಡುತ್ತಾರೆ. ನಾವು ಕೆಂಪು ಪೆನ್ನಿನಲ್ಲಿ ತಪ್ಪು ಹಾಕುತ್ತೇವೆ. ಆ ಕೆಂಪು ಗೀಟು ತಪ್ಪಾಗಿದೆ ಅಂತ ಹೇಳುತ್ತದೆ. ಎಲ್ಲಿ ತಪ್ಪಾಯಿತು ಅಂತ ಹೇಳುವುದಿಲ್ಲ.

ಮೂರನೇ ತರಗತಿಯ ಒಬ್ಬ ಹುಡುಗಿ ಇದೇ ಲೆಕ್ಕ ಮಾಡುತ್ತಿದ್ದಳು. ಪುಸ್ತಕದಲ್ಲಿ 25 ಬರೆದಾಗಿತ್ತು. ಕಡ್ಡಿ ಇಟ್ಟು ನೋಡು ಅಂತ ಕಾರ್ಡು ಹೇಳುತ್ತಿತ್ತು. ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿದ ಮೂರು ಕಟ್ಟು, ಬಿಡಿಯಾಗಿ ಎರಡು ಕಡ್ಡಿ ಮುಂದಿಟ್ಟುಕೊಂಡಳು. ಏಳು ಕಡ್ಡಿ ತೆಗೆಯಬೇಕು. ಬಿಡಿ ಇರುವುದು ಎರಡೇ. ಕೈ ನಿಂತಿತು.

ನಾನು ಪಕ್ಕದ ತಟ್ಟೆಯಲ್ಲಿದ್ದೆ. ಎದ್ದು ಹೋಗಿ ಹೇಳಿಬಿಡೋಣ ಅಂತ ಕಾಲು ತುಡಿಯಿತು. ತಡೆದುಕೊಂಡೆ. ಅವಳು ಆ ಕಡೆ ಈ ಕಡೆ ನೋಡಿದಳು. ಎರಡು ಬಿಡಿ ಕಡ್ಡಿ ತೆಗೆದು ಮತ್ತೆ ಇಟ್ಟಳು. ಆಮೇಲೆ ಒಂದು ಕಟ್ಟು ಕೈಗೆ ತೆಗೆದುಕೊಂಡು ರಬ್ಬರ್ ಬ್ಯಾಂಡ್ ಎಳೆದು ಬಿಚ್ಚಿದಳು. ಬ್ಯಾಂಡನ್ನು ಬಳೆಯ ಹಾಗೆ ಕೈಗೆ ಹಾಕಿಕೊಂಡಳು. ಈಗ ಹನ್ನೆರಡು ಬಿಡಿ ಕಡ್ಡಿ. ಏಳು ತೆಗೆದಳು, ಐದು ಉಳಿಯಿತು. ಎರಡು ಕಟ್ಟಿನಲ್ಲಿ ಒಂದು ತೆಗೆದಳು. ಒಂದು ಕಟ್ಟು, ಐದು ಕಡ್ಡಿ. ಪುಸ್ತಕ ನೋಡಿದಳು. 25. ಕಡ್ಡಿ ನೋಡಿದಳು. 15. ಮತ್ತೆ ಮೊದಲಿಂದ ಎಣಿಸಿದಳು. ಮೂರು ಸಲ. ಮೂರನೇ ಸಲ ರಬ್ಬರ್ ತೆಗೆದು ಹಾಳೆ ಹರಿಯುವಷ್ಟು ಜೋರಾಗಿ ಉಜ್ಜಿ 15 ಅಂತ ಬರೆದಳು.

ನನ್ನ ಹತ್ತಿರ ಬಂದು ಸರೀನಾ ಅಂತ ಕೇಳಲಿಲ್ಲ. ಮಾರನೇ ದಿನ ಪಕ್ಕದವಳಿಗೆ 'ಕಟ್ಟು ಬಿಚ್ಚಬೇಕು ಕಣೇ' ಅಂತ ಹೇಳುತ್ತಿದ್ದಳು. ದಶಕ ಎರವಲು ಪಡೆಯುವುದು ಅಂತ ನಾನು ಎಷ್ಟು ವರ್ಷ ಬೋರ್ಡ್ ಮೇಲೆ ಹೇಳಿದ್ದೇನೋ. ಅವಳ ಮಾತಿನಷ್ಟು ನೇರವಾಗಿ ಹೇಳಲು ನನಗೆ ಆಗಿರಲಿಲ್ಲ.

ಇನ್ನು ಎಡವಿದ ಕಡೆಗಳನ್ನೂ ಹೇಳಬೇಕು. ಬರೀ ಒಳ್ಳೆಯದನ್ನೇ ಹೇಳಿ ಹೋದರೆ ನಾಳೆ ನಿಮ್ಮ ತರಗತಿಯಲ್ಲಿ ಇವೇ ತೊಂದರೆ ಬಂದಾಗ ನಿಮಗೆ ಉಪಯೋಗವಾಗುವುದಿಲ್ಲ.

ಒಬ್ಬ ಹುಡುಗ ಕಾರ್ಡುಗಳನ್ನು ಪಟಪಟ ಓದುತ್ತಿದ್ದ. ಏಣಿಯಲ್ಲಿ ಎಲ್ಲರಿಗಿಂತ ಮುಂದಿದ್ದ. ನಾನೂ ಬೆನ್ನು ತಟ್ಟುತ್ತಿದ್ದೆ. ಒಂದು ದಿನ 'ಸರ' ಅನ್ನುವ ಕಾರ್ಡ್ ನೋಡಿ 'ಹಾರ' ಅಂದ. ಎದೆ ಧಸಕ್ ಅಂತು. ಅವನು ಓದುತ್ತಿದ್ದದ್ದು ಅಕ್ಷರವನ್ನಲ್ಲ, ಚಿತ್ರವನ್ನು. ಕೈಯಿಂದ ಚಿತ್ರ ಮುಚ್ಚಿ ಕೇಳಿದೆ. ಒಂದೂ ಬರಲಿಲ್ಲ. ಪಾಪ, ಅವನದೇನೂ ತಪ್ಪಿಲ್ಲ. ಚಿತ್ರ ನೋಡಿ ಹೇಳಿದರೆ ಕೆಲಸ ಆಗುತ್ತದೆ ಅಂತ ಸಾಮಗ್ರಿಯೇ ಅವನಿಗೆ ಕಲಿಸಿತ್ತು. ಆವತ್ತಿನಿಂದ ನಾನು ಪ್ರತಿ ಪದವನ್ನೂ ಚಿತ್ರವಿಲ್ಲದೆ ಇನ್ನೊಂದು ರಟ್ಟಿನ ಚೂರಿನ ಮೇಲೆ ಬರೆದು ಇಟ್ಟೆ. ಮದುವೆ ಕಾರ್ಡುಗಳ ಹಿಂಬದಿ ಅದಕ್ಕೆ ಬಹಳ ಚೆನ್ನಾಗಿತ್ತು.

ಎರಡನೆಯದು, ಕಳೆದುಹೋದ ಕಾರ್ಡ್. ನೂರಾರು ಕಾರ್ಡಿನಲ್ಲಿ ಒಂದು ಹೋದರೆ ಏನು ಮಹಾ ಅನಿಸುತ್ತದೆ. ಆದರೆ ಏಣಿಯಲ್ಲಿ ಒಂದು ಮೆಟ್ಟಿಲು ಮುರಿದರೆ ಅಲ್ಲಿಗೆ ಬಂದ ಪ್ರತಿ ಮಗುವೂ ನಿಲ್ಲುತ್ತದೆ. ಮೂಲೆಯೆಲ್ಲ ಮಡಚಿ, ಬರಹ ಅಳಿಸಿಹೋದ ಕಾರ್ಡ್ ಹಿಡಿದುಕೊಂಡು ಮಗು ಅರ್ಧ ಗಂಟೆ ಸುಮ್ಮನೆ ಕೂತಿದ್ದನ್ನು ನೋಡಿದ್ದೇನೆ. ಶನಿವಾರ ಮಧ್ಯಾಹ್ನ ಕಾರ್ಡ್ ಎಣಿಸುವ ಕೆಲಸವನ್ನು ಮಕ್ಕಳಿಗೇ ಕೊಟ್ಟ ಮೇಲೆ ಕಳೆಯುವುದು ಕಡಿಮೆಯಾಯಿತು.

ಮೂರನೆಯದು ನನ್ನದೇ ತಪ್ಪು. ಪ್ರಗತಿ ನೋಟ ಅಂತ ಒಂದು ನಕ್ಷೆ ಇರುತ್ತದೆ. ಯಾವ ಮಗು ಯಾವ ಮೈಲಿಗಲ್ಲು ದಾಟಿತು ಅಂತ ಗುರುತು ಹಾಕುವುದು. ಒಂದು ವರ್ಷ ತಪಾಸಣೆ ಹತ್ತಿರ ಬಂತು, ನಕ್ಷೆ ಹಿಂದೆ ಬಿದ್ದಿತ್ತು. ಒಂದು ಸಂಜೆ ನಾನೇ ಕೂತು ತುಂಬಿಬಿಟ್ಟೆ. ಬೆಳಿಗ್ಗೆ ಒಬ್ಬ ಹುಡುಗ ನಕ್ಷೆ ಮುಂದೆ ನಿಂತು ತನ್ನ ಹೆಸರಿನ ಸಾಲು ನೋಡಿದ. 'ಮಿಸ್, ನಾನು ಇನ್ನೂ ಇಲ್ಲಿಗೆ ಬಂದಿಲ್ಲ' ಅಂದ. ದೂರು ಹೇಳುವ ದನಿ ಅಲ್ಲ. ಏನೋ ಕೈತಪ್ಪಿ ಆಗಿದೆ, ಸರಿ ಮಾಡಿ ಅನ್ನುವ ಹಾಗೆ. ನಾನು ಅವನ ಮುಂದೆಯೇ ಅಳಿಸಿದೆ. ತಪಾಸಣೆಗೆ ಬಂದವರು ಏನಂದರು ಅನ್ನುವುದು ಈಗ ಮರೆತಿದೆ. ಆ ಹುಡುಗ ನಿಂತ ರೀತಿ ಮರೆತಿಲ್ಲ.

ಮಕ್ಕಳು ಹೊಲ ತೋಟಕ್ಕೆ ಹೋಗಿ ಬರುವ ಈ ಕಷ್ಟ ನಮ್ಮದೊಂದೇ ಅಲ್ಲ. ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ 1970ರ ದಶಕದ ನಡುವೆ ವಿಕಿ ಕೋಲ್ಬರ್ಟ್ ಮತ್ತು ಅವರ ಜೊತೆಯವರು 'ಎಸ್ಕುಯೆಲಾ ನುಯೆವಾ', ಅಂದರೆ ಹೊಸ ಶಾಲೆ, ಅಂತ ಶುರು ಮಾಡಿದರು. ಅಲ್ಲೂ ಒಂದೇ ಕೋಣೆ, ಹಲವು ತರಗತಿ. ಮಕ್ಕಳಿಗೆ ತಾವೇ ಓದಿಕೊಂಡು ಮಾಡುವ ಕೈಪಿಡಿ. ಕೊಯ್ಲಿಗೆ ಹೋದ ಮಗು ಬಂದು ಬಿಟ್ಟಲ್ಲಿಂದ ಮುಂದುವರಿಯಬಹುದು. ಅಲ್ಲಿನ ಕಾಫಿ ಬೆಳೆಗಾರರ ಸಂಘದವರೇ ಅದಕ್ಕೆ ಬೆಂಬಲ ಕೊಟ್ಟರು ಅಂತ ಓದಿದಾಗ ನನಗೆ ಕೈ ತರಚಿಕೊಂಡು ಬಂದ ನಮ್ಮ ಹುಡುಗಿ ನೆನಪಾದಳು.

ಕೊರೊನಾ ಕಾಲದ ಮಾತು ಹೇಳದಿದ್ದರೆ ಆಗುವುದಿಲ್ಲ. ಇಡೀ ರಾಜ್ಯದ ಮಕ್ಕಳಿಗೆ ಒಟ್ಟಿಗೇ 'ನೀವೇ ಕಲಿಯಿರಿ' ಅಂತ ಹೇಳಿದ ಕಾಲ ಅದು. ಚಂದನದಲ್ಲಿ 'ಸಂವೇದ' ಪಾಠ ಬಂತು. 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾಗಿ ದೇವಸ್ಥಾನದ ಜಗಲಿ, ಅರಳಿಕಟ್ಟೆ, ಸಮುದಾಯ ಭವನದಲ್ಲಿ ಮಕ್ಕಳನ್ನು ಕೂರಿಸಿಕೊಂಡೆವು. ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಚಿಕ್ಕ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ ಕೊನೆಯಲ್ಲಿ. ಒಂದೂವರೆ ವರ್ಷಕ್ಕೂ ಜಾಸ್ತಿ. ಒಂದನೇ ತರಗತಿಯಲ್ಲಿ ಬಿಟ್ಟ ಮಗು ಮೂರನೇ ತರಗತಿಗೆ ಬಂದು ಕೂತಿತು.

ಆಗ ನಾವು ವಾಟ್ಸ್ಆ್ಯಪ್‌ನಲ್ಲಿ ಅಭ್ಯಾಸದ ಹಾಳೆ ಕಳಿಸುತ್ತಿದ್ದೆವು. ಫೋನ್ ಬೆಳಿಗ್ಗೆ ಅಪ್ಪನ ಜೊತೆ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತಿತ್ತು. ರಾತ್ರಿ ಒಂಬತ್ತು ಗಂಟೆಗೆ ನಿದ್ದೆಗಣ್ಣಿನ ಮಗುವಿಗೆ ಯಾವ ಸ್ವಕಲಿಕೆ? ವಾಪಸ್ ಬಂದ ಹಾಳೆಗಳಲ್ಲಿ ಎಲ್ಲ ಉತ್ತರವೂ ಸರಿ ಇರುತ್ತಿತ್ತು. ಅಕ್ಷರ ಅಕ್ಕನದು, ಅಮ್ಮನದು. ಅವರನ್ನು ನಾನು ಬೈಯುವುದಿಲ್ಲ. ಟೀಚರಿಗೆ ಬೇಕಾಗಿರುವುದು ತುಂಬಿದ ಹಾಳೆ ಅಂತ ಅವರು ತಿಳಿದರು. ಹಾಗೆ ತಿಳಿಯುವಂತೆ ಮಾಡಿದ್ದು ನಾವೇ.

ಆಮೇಲೆ ನಾನು ಏಣಿಯನ್ನೇ ಜೆರಾಕ್ಸ್ ಮಾಡಿಸಿ ಮನೆಗೊಂದರಂತೆ ಕೊಟ್ಟೆ. ಹಾಳೆ ತುಂಬಿಸಬೇಡಿ, ಮಗು ಯಾವ ಮೆಟ್ಟಿಲಿನಲ್ಲಿದೆ ಅಂತ ಅದರ ಕೈಯಲ್ಲೇ ಬಣ್ಣ ಹಚ್ಚಿಸಿ ಅಂದೆ. ಕೆಲವು ಮನೆಯಲ್ಲಿ ಅದು ಮೂಲೆ ಸೇರಿತು. ಕೆಲವು ಮನೆಯಲ್ಲಿ ಕ್ಯಾಲೆಂಡರ್ ಪಕ್ಕ ಮೊಳೆಗೆ ತೂಗಿತು. ಶಾಲೆ ತೆರೆದ ದಿನ ಒಬ್ಬ ಹುಡುಗ ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಮಡಿಕೆಯಲ್ಲಿ ಹರಿದಿತ್ತು. ನಾಲ್ಕೇ ಮೆಟ್ಟಿಲಿಗೆ ಬಣ್ಣ ಇತ್ತು. ಆ ನಾಲ್ಕೂ ಅವನಿಗೆ ಪಕ್ಕಾ ಬರುತ್ತಿತ್ತು.

ದೊಡ್ಡ ತರಗತಿಯ ಬಗ್ಗೆ ನನಗೆ ಅನುಭವ ಕಡಿಮೆ. ಆದರೂ ಒಂದು ಮಾತು. ಹತ್ತನೇ ತರಗತಿ ಮಕ್ಕಳ ಕೈಯಲ್ಲಿ ಪಾಸಿಂಗ್ ಪ್ಯಾಕೇಜ್ ಅನ್ನುವ ಪ್ರಶ್ನೋತ್ತರ ಪುಸ್ತಿಕೆ ನೋಡುತ್ತೇವೆ. ಫೇಲ್ ಆಗುವ ಭಯದಲ್ಲಿರುವ ಮಗುವಿಗೆ ಅದು ದಡ ಸೇರಿಸುತ್ತದೆ, ಬೇಡ ಅನ್ನಲಾರೆ. ಆದರೆ ಅದರಲ್ಲಿ ಪ್ರಶ್ನೆಯ ಪಕ್ಕದಲ್ಲೇ ಉತ್ತರ. ಕೈ ನಿಲ್ಲುವ ಜಾಗವೇ ಇಲ್ಲ. ಕಡ್ಡಿ ಹಿಡಿದ ಹುಡುಗಿಯ ಕೈ ನಿಂತಿತಲ್ಲ, ಕಲಿಕೆ ಆದದ್ದು ಅಲ್ಲಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್, ಫೋನಿನ ವಿಡಿಯೋ ಎಲ್ಲಕ್ಕೂ ನಾನು ಇದೇ ಕೇಳುತ್ತೇನೆ: ಮಗುವಿನ ಕೈ ನಿಂತು ಯೋಚಿಸಲು ಇದು ಬಿಡುತ್ತದೆಯೋ ಇಲ್ಲವೋ.

ಇನ್ನೊಂದು ಸಂಕಟ ನಾಲ್ಕನೇ ತರಗತಿ. ಮೂರು ವರ್ಷ ತಾನೇ ಕಾರ್ಡ್ ತೆಗೆದುಕೊಂಡು, ತಾನೇ ಗುರುತು ಹಾಕಿಕೊಂಡ ಮಗು ಜೂನ್ ತಿಂಗಳಲ್ಲಿ ಪಕ್ಕದ ಕೋಣೆಗೆ ಹೋಗಿ ಬೆಂಚಿನ ಮೇಲೆ ಸಾಲಾಗಿ ಕೂರುತ್ತದೆ. ಎಲ್ಲರಿಗೂ ಒಂದೇ ಪುಟ, ಒಂದೇ ದಿನ. ಊಟದ ಬಿಡುವಿನಲ್ಲಿ ಒಂದಿಬ್ಬರು ಬಂದು ನನ್ನ ಬಾಗಿಲಲ್ಲಿ ನಿಲ್ಲುತ್ತಿದ್ದರು. 'ಮಿಸ್, ಅಲ್ಲಿ ಮುಂದಿನದು ಯಾವುದು ಅಂತ ಗೊತ್ತಾಗಲ್ಲ' ಅಂದಿದ್ದಳು ಒಬ್ಬಳು. ನಾಲ್ಕನೇ ತರಗತಿಯ ಮೇಷ್ಟ್ರು ಒಳ್ಳೆಯವರು. ಅವರ ಜೊತೆ ಕೂತು ಗಣಿತದ ಪಾಠಗಳನ್ನಾದರೂ ಒಂದು ಚಾರ್ಟಿನಲ್ಲಿ ಮೆಟ್ಟಿಲು ಮಾಡಿ ಗೋಡೆಗೆ ಹಾಕಿದೆವು. ಎರಡು ಸಂಜೆಯ ಕೆಲಸ. ಶಿಕ್ಷಕ ಮಿತ್ರರಲ್ಲಿ ನನ್ನ ಕೋರಿಕೆ ಇದೊಂದೇ. ಯಾವ ತರಗತಿಯಾದರೂ ಸರಿ, ಯಾವ ವಿಷಯವಾದರೂ ಸರಿ, ಈ ಚಾರ್ಟ್ ಮಾಡಿ. ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿ ಹಾಕಿ.

ಮಾತು ಮುಗಿದ ಮೇಲೆ ಪ್ರಶ್ನೆಗಳಿದ್ದವು. ಅದರಲ್ಲಿ ಒಂದನ್ನು ಇಲ್ಲಿ ಬರೆಯುತ್ತೇನೆ.

ಹಿಂದೆ ಕೂತಿದ್ದ ಒಬ್ಬ ತಾಯಿ ಎದ್ದು ನಿಂತರು. 'ಮೇಡಂ, ನನ್ನ ಮಗಳು ಒಂದೊಂದು ಲೆಕ್ಕಕ್ಕೂ ಬಂದು ಸರೀನಾ ಸರೀನಾ ಅಂತ ಕೇಳ್ತಾಳೆ. ನಾನು ಏಳನೇ ಕ್ಲಾಸು. ನನಗೂ ಕೆಲವು ಗೊತ್ತಾಗಲ್ಲ. ಏನ್ ಹೇಳ್ಲಿ?'

'ಗೊತ್ತಾಗದಿದ್ದರೂ ಪರವಾಗಿಲ್ಲ ಅಕ್ಕ, ಗೊತ್ತಿದ್ದರೂ ಹೇಳಬೇಡಿ' ಅಂದೆ. 'ಸರೀನೋ ಅಲ್ವೋ ಹೇಗೆ ನೋಡ್ತೀಯ, ನನಗೂ ತೋರಿಸು ಅಂತ ಕೇಳಿ. ಮನೇಲಿ ಹುಣಸೆ ಬೀಜ ಇದೆಯಾ?'

'ಹುಣಸೆಹಣ್ಣು ಬಿಡಿಸಿದ್ದು ಇದೆ.'

'ತೊಳೆದು ಒಣಗಿಸಿ ಒಂದು ಡಬ್ಬಿಗೆ ಹಾಕಿ ಅವಳ ಕೈಗೆ ಕೊಡಿ. ಹತ್ತತ್ತು ಕಟ್ಟಿಡೋಕೆ ಒಂದಿಷ್ಟು ಚಿಕ್ಕ ಬಟ್ಟೆ ಚೂರು.'

'ಎಷ್ಟು ಬೀಜ ಬೇಕಾಗುತ್ತೆ?'

'ಈಗ ನೂರು ಸಾಕು. ಎಣಿಸೋ ಕೆಲಸ ಅವಳಿಗೇ ಬಿಡಿ.'